ಮೆಚ್ಚಿನ ಪುಸ್ತಕದಲ್ಲಿ ಗುಣ ಕಾಣುವುದೇ?

ಪ್ರಶ್ನೆ: ಮಗಳಿಗೆ ನೋಡಿರುವ ವರನಿಗೆ ಆಯ್ದಕ್ಕಿ ಲಕ್ಕಮ್ಮನ ವಚನಗಳೆಂದರೆ ಪ್ರಾಣವಂತೆ. ಮೆಚ್ಚಿನ ಪುಸ್ತಕದಿಂದ ಮನುಷ್ಯನ ಗುಣವನ್ನು ತಿಳಿಯಬಹುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಸ್ವಲ್ಪಮಟ್ಟಿಗೆ ತಿಳಿಯಬಹುದು. ನಿಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರದೊಂದಿಗೆ ಹೆಸರು ಬೆಸೆದುಕೊಂಡಿರುವ, 12ನೆಯ ಶತಮಾನದ ಈ ಶರಣೆಯು, ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳು. ಆದ್ದರಿಂದ ಅವಳನ್ನು ಮೆಚ್ಚುವವನಿಗೆ ದುರಾಸೆಯಿರದೆಂದು ನಂಬಬೇಕೆನಿಸುವುದು ಸಹಜ. ಆದರೆ ಮೆಚ್ಚುಗೆಯು ಹೇಗಿರಬೇಕೆಂಬ ಹಂಬಲವನ್ನು ತೋರಿಸುತ್ತದೆಯೇ ಹೊರತು ಹೇಗಿದ್ದೇವೆಂಬುದನ್ನಲ್ಲ. (ಹೆಣ್ಣು ನೋಡಲು ಬಂದವರು ಹೇಳುವ ಪುಸ್ತಕದ ಹೆಸರಿನಲ್ಲಿ ಒಂದಿಷ್ಟು ತೋರಿಕೆಯೂ ಇರುತ್ತದೆನ್ನಿ.) ಯಾವ ವಚನ, ಏಕೆ ಇಷ್ಟವೆಂದು ಮಗಳೇ ಕೇಳಲಿ, ಹೆಂಡತಿಯ ಮಾತನ್ನು ಮಾರಯ್ಯನು ಒಪ್ಪಿಕೊಂಡದ್ದನ್ನು ಅವರು ತಾವಾಗಿಯೇ ಪ್ರಸ್ತಾಪಿಸಿದರೆ ಮಾತುಕತೆ ಮುಂದುವರಿಸಬಹುದು. ವರದಕ್ಷಿಣೆಯ ಮಾತೆತ್ತಿದರೆ ಪುಸ್ತಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.