ರಜೆಯಲ್ಲಿ ವಿಜ್ಞಾನ: ಮೂರು ಪತ್ರಗಳು, ಮೂರು ಉತ್ತರಗಳು

ಪ್ರಶ್ನೆ: ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಎಂಟು ವಾರ ವಿದೇಶಿ ಸಂಶೋಧಕರು ಆನ್‌ಲೈನ್‌ನಲ್ಲಿ ಮಾರ್ಗದರ್ಶನ ಮಾಡುತ್ತಾರೆ, ಕೊನೆಗೆ ಅವಳ ಹೆಸರಿನಲ್ಲಿ ಪ್ರಬಂಧ ಪ್ರಕಟವಾಗುತ್ತದೆ ಎಂದು ಒಂದು ಸಂಸ್ಥೆಯವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದಾರೆ. ಶುಲ್ಕ 65,000 ರೂಪಾಯಿ. ಸೊಸೈಟಿಯಲ್ಲಿ ಸಾಲ ತೆಗೆದಾದರೂ ಸೇರಿಸೋಣ ಎಂದು ಇವಳ ತಂದೆ ಹೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಕುಮಟಾ ತಾಲೂಕು

ಉತ್ತರ: ಸಾಲ ತೆಗೆಯಬೇಡಿ. ಇಂತಹ ಶಿಬಿರಗಳು ಹುಟ್ಟಿಕೊಂಡದ್ದು ಅಮೆರಿಕದ ಪದ್ಧತಿಯಿಂದ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಪ್ರವೇಶ ಕೊಡುವಾಗ ಅಂಕಗಳ ಜೊತೆಗೆ ವಿದ್ಯಾರ್ಥಿಯು ಶಾಲೆಯ ಹೊರಗೆ ಏನು ಮಾಡಿದ್ದಾನೆ ಎಂಬುದನ್ನೂ ನೋಡುತ್ತವೆ. ಆದ್ದರಿಂದ ಆ 'ಏನಾದರೊಂದನ್ನು' ಮಾರುವ ವ್ಯಾಪಾರವೂ ಬೆಳೆದಿದೆ. ಅಲ್ಲಿಯೂ ಹೆಚ್ಚು ಹೆಸರಿರುವ ಶಿಬಿರಗಳಲ್ಲೊಂದಾದ, ಎಂಐಟಿ ವಿಶ್ವವಿದ್ಯಾಲಯದಲ್ಲಿ ಆರು ವಾರ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಬೋಧನಾ ಶುಲ್ಕ ಪಡೆಯುವುದಿಲ್ಲ. ನಮ್ಮಲ್ಲಾದರೆ ಎಂಜಿನಿಯರಿಂಗ್‌ಗೆ ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಅರ್ಧರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ, ವೈದ್ಯಕೀಯಕ್ಕೆ ನೀಟ್ ಒಂದೇ ದಾರಿ. ನಿಮ್ಮ ಮಗಳು ಹಣ ಕೊಟ್ಟು ತಂದ ಪ್ರಮಾಣಪತ್ರವನ್ನು ಈ ಎರಡೂ ಕಡೆ ಯಾರೂ ಕೇಳುವುದಿಲ್ಲ. ಇನ್ನು 14 ವರ್ಷದ ಹುಡುಗಿಯ ಪ್ರಬಂಧ ಎಂಟು ವಾರದಲ್ಲಿ ಪ್ರಕಟವಾಗುತ್ತದೆ ಎಂದು ಮೊದಲೇ ಭರವಸೆ ಕೊಡುವವರು, ಪ್ರಬಂಧದಲ್ಲಿ ಏನಿದ್ದರೂ ಪ್ರಕಟಿಸುವವರೇ ಆಗಿರಬೇಕು.

ಹಣವಿಲ್ಲದೆ ಪ್ರಯತ್ನಿಸಬಹುದಾದ ಎರಡು ದಾರಿಗಳಿವೆ. 9ನೇ ತರಗತಿಯವರಿಗಾಗಿಯೇ ಇಸ್ರೊ 2019ರಲ್ಲಿ ಆರಂಭಿಸಿದ 'ಯುವಿಕಾ' ಶಿಬಿರ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಸುಮಾರು ಎರಡು ವಾರ ನಡೆಯುತ್ತದೆ; ಊಟ, ವಸತಿ, ಪ್ರಯಾಣದ ವೆಚ್ಚವನ್ನು ಇಸ್ರೊ ಭರಿಸುತ್ತದೆ. 8ನೇ ತರಗತಿಯ ಅಂಕ, ಆನ್‌ಲೈನ್ ರಸಪ್ರಶ್ನೆ ಮೊದಲಾದವುಗಳ ಜೊತೆಗೆ ಹಳ್ಳಿಯ ಶಾಲೆಯಲ್ಲಿ ಓದುತ್ತಿರುವುದಕ್ಕೂ ಅಂಕವಿದೆ, ಅಂದರೆ ನಿಮ್ಮ ಮಗಳಿಗೆ ಅದೊಂದು ಅನುಕೂಲ. ಅರ್ಜಿಯ ಅವಧಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬಂದು ಬೇಗನೆ ಮುಗಿಯುವುದರಿಂದ ಇಸ್ರೊ ಜಾಲತಾಣವನ್ನು ಈಗಿನಿಂದಲೇ ನೋಡುತ್ತಿರಿ. ಎರಡನೆಯದು ಕೇಂದ್ರ ಸರ್ಕಾರದ ಇನ್‌ಸ್ಪೈರ್–ಮಾನಕ್ ಯೋಜನೆ: ವಿದ್ಯಾರ್ಥಿಯ ಸ್ವಂತ ಕಲ್ಪನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಅವಳ ಖಾತೆಗೇ ಬರುತ್ತದೆ. ಆದರೆ ಹೆಸರನ್ನು ಶಾಲೆಯೇ ಕಳಿಸಬೇಕು. ಅನೇಕ ಶಾಲೆಗಳಲ್ಲಿ ಈ ಕೆಲಸ ಮರೆತೇ ಹೋಗುತ್ತದೆ. ಮುಖ್ಯೋಪಾಧ್ಯಾಯರಿಗೆ ನೀವೇ ಒಮ್ಮೆ ನೆನಪಿಸಿದರೆ ತಪ್ಪೇನಿಲ್ಲ.

ಎರಡೂ ಸಿಗದಿದ್ದರೆ ರಜೆ ವ್ಯರ್ಥವಾಯಿತು ಎಂದುಕೊಳ್ಳುವ ಅಗತ್ಯವಿಲ್ಲ. ನಿಮ್ಮ ತಾಲೂಕಿನ ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿನ ಬಳಚು ಎಂಬ ಚಿಪ್ಪುಜೀವಿ, ಗಜನಿ ಎಂಬ ಉಪ್ಪುನೀರಿನ ಗದ್ದೆಯ ಕಗ್ಗ ಭತ್ತ, ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಎಲ್ಲವೂ ನೀರಿನ ಉಪ್ಪನ್ನೇ ಅವಲಂಬಿಸಿವೆ, ಮತ್ತು ಆ ಉಪ್ಪನ್ನು ಮನೆಯ ಒಲೆಯ ಮೇಲೆ ಅಳೆಯಲು ಸಾಧ್ಯವಿದೆ. ಒಂದು ಸ್ಟೀಲ್ ಪಾತ್ರೆಯನ್ನು ಮೊದಲು ತೂಗಿ ಬರೆದುಕೊಂಡು, ನದಿ ಕಡಲು ಸೇರುವೆಡೆಯ ತದಡಿಯಲ್ಲಿ ತುಂಬಿಸಿ ತಂದ ಒಂದು ಲೀಟರ್ ನೀರನ್ನು ಬಟ್ಟೆಯಲ್ಲಿ ಸೋಸಿ ಅದರಲ್ಲಿ ಕಾಯಿಸಲಿ. ನೀರೆಲ್ಲ ಇಂಗುವವರೆಗೂ ಒಲೆಯ ಮೇಲೆ ಬಿಟ್ಟರೆ ಕೊನೆಯಲ್ಲಿ ಸಿಡಿದು ಉಪ್ಪು ಹಾರಿಹೋಗುತ್ತದೆ. ಆದ್ದರಿಂದ ತಳದಲ್ಲಿ ಗಂಜಿಯಂತೆ ದಪ್ಪಗಾದಾಗ ಇಳಿಸಿ ಬಿಸಿಲಿಗಿಡಬೇಕು, ಒಣಗಿದ ಕೂಡಲೇ ತೂಗಬೇಕು, ಏಕೆಂದರೆ ನಮ್ಮ ಕರಾವಳಿಯ ಗಾಳಿಗೆ ಉಪ್ಪು ಅರ್ಧ ಗಂಟೆಯಲ್ಲಿ ಬೆವರಲು ಆರಂಭಿಸುತ್ತದೆ. ಕಡಲ ನೀರಿನ ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತದಡಿಯಲ್ಲಿ ಎಷ್ಟು, ಅದೇ ದಿನ ನದಿಯ ಮೇಲ್ಗಡೆಯ ದೀವಗಿಯಲ್ಲಿ ಎಷ್ಟು, ಭರತದಲ್ಲಿ ಎಷ್ಟು, ಇಳಿತದಲ್ಲಿ ಎಷ್ಟು? ವಾರಕ್ಕೊಮ್ಮೆಯಂತೆ ಏಪ್ರಿಲ್‌ನಿಂದ ಬರೆಯುತ್ತ ಹೋಗಿ, ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಆ ಅಂಕಿ ಎಲ್ಲಿಗೆ ಇಳಿಯಿತು ಎಂಬುದನ್ನು ಅವಳು ತನ್ನ ಕಣ್ಣಿನಿಂದಲೇ ನೋಡಲಿ. ನೀರು ತರಲು ದೋಣಿ ನಿಲ್ಲುವ ಧಕ್ಕೆಗೆ ದೊಡ್ಡವರೊಬ್ಬರು ಜೊತೆಗೆ ಹೋಗಬೇಕೆಂಬುದು ಮಾತ್ರ ಕಡ್ಡಾಯ.

ಪ್ರಶ್ನೆ: ನಾನು ಶಿರಸಿಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಸಂಶೋಧನೆ ಮಾಡುವ ಆಸೆಯಿಂದ ಬೆಂಗಳೂರು, ಧಾರವಾಡ, ಮುಂಬೈಯ 23 ಪ್ರಾಧ್ಯಾಪಕರಿಗೆ ಇಮೇಲ್ ಬರೆದೆ. ಒಬ್ಬರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನೀವು ಲಗತ್ತಿಸಿದ ಇಮೇಲನ್ನು ಓದಿದೆ. ಇಂಗ್ಲಿಷ್ ಚೆನ್ನಾಗಿದೆ, ಆದರೆ 23 ಮಂದಿಗೂ ಒಂದೇ ಪತ್ರ, ಮತ್ತು ಅದರಲ್ಲಿ ನಿಮ್ಮ ಪ್ರಶ್ನೆ ಏನೆಂಬುದೇ ಇಲ್ಲ. 'ನಿಮ್ಮ ಮಾರ್ಗದರ್ಶನದಲ್ಲಿ ಯಾವುದೇ ವಿಷಯದ ಮೇಲೆ ಕೆಲಸ ಮಾಡಲು ಸಿದ್ಧನಿದ್ದೇನೆ' ಎಂದು ಬರೆದರೆ, ವಿಷಯ ಹುಡುಕುವ ಹೊರೆಯನ್ನೂ ಅವರ ತಲೆಗೇ ಕಟ್ಟಿದಂತಾಗುತ್ತದೆ. ಮೇಲಾಗಿ ಇಂತಹ ಸಂಸ್ಥೆಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗಳು ಬಹುತೇಕ ಪದವಿ ವಿದ್ಯಾರ್ಥಿಗಳಿಗಾಗಿ ಇರುವಂಥವು. ನಿಮ್ಮ ಊರಿನಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಆ 23ರಲ್ಲಿ ಅದರ ಹೆಸರು ಒಮ್ಮೆಯೂ ಇಲ್ಲದ್ದು ನನಗೆ ಸ್ವಲ್ಪ ಬೇಸರ ತಂದಿತು.

ನಿಮ್ಮ ಮನೆಗೆ ಅಡಿಕೆ ತೋಟವಿದೆ, ಕಳೆದ ಮಳೆಗಾಲ ಕೊಳೆ ರೋಗಕ್ಕೆ ಅರ್ಧ ಫಸಲು ಹೋಯಿತು ಎಂದು ಪತ್ರದ ಕೊನೆಯಲ್ಲಿ ಪ್ರಾಸಂಗಿಕವಾಗಿ ಬರೆದಿದ್ದೀರಿ. ಅಲ್ಲಿಂದಲೇ ಆರಂಭಿಸಬಹುದಿತ್ತು. ಫೈಟಾಫ್ತೊರಾ ಎಂಬ, ಶಿಲೀಂಧ್ರದಂತಹ ಜೀವಿಯಿಂದ ಬರುವ ಈ ರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಸೇರಿಸಿದ ಬೋರ್ಡೊ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಹೊಡೆಯುತ್ತಾರೆಂಬುದು ನಿಮಗೆ ತಿಳಿದೇ ಇದೆ. ಎಷ್ಟು ದಿನ ಬಿಡದೆ ಮಳೆ ಬಿದ್ದ ನಂತರ ಕಾಯಿ ಉದುರಲು ಆರಂಭವಾಗುತ್ತದೆ? ತೋಟದ ತಗ್ಗಿನಲ್ಲಿ ಮೊದಲೋ, ದಿಬ್ಬದಲ್ಲಿ ಮೊದಲೋ? ಏಪ್ರಿಲ್–ಮೇ ತಿಂಗಳಲ್ಲಿ 20 ಮರಗಳನ್ನು ಆರಿಸಿ ಅಂಕಿ ಹಾಕಿ, ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು ಮಳೆಮಾಪಕ ಮಾಡಿಕೊಳ್ಳಿ. ಕಾಲೇಜು ಆರಂಭವಾದ ಮೇಲೂ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮಳೆಯನ್ನು ಅಳೆದು, ಪ್ರತಿ ಮರದಡಿ ಬಿದ್ದ ಕಾಯಿ ಎಣಿಸಬಹುದು.

ಆಮೇಲೆ ಹೀಗೆ ಬರೆಯಿರಿ: 'ಮಾನ್ಯರೇ, ನಮ್ಮ ತೋಟದ 20 ಮರಗಳ ಕೆಳಗೆ ಬಿದ್ದ ಕಾಯಿಗಳನ್ನು ಜೂನ್ 10ರಿಂದ ದಿನವೂ ಎಣಿಸುತ್ತಿದ್ದೇನೆ. ಪಟ್ಟಿ ಲಗತ್ತಿಸಿದ್ದೇನೆ. ಕೊಳೆಯಿಂದ ಉದುರಿದ ಕಾಯಿಗೂ ಬೇರೆ ಕಾರಣಕ್ಕೆ ಉದುರಿದ ಕಾಯಿಗೂ ವ್ಯತ್ಯಾಸ ಗುರುತಿಸುವುದು ನನಗೆ ಕಷ್ಟವಾಗುತ್ತಿದೆ. ಒಂದು ಶನಿವಾರ ಕಾಯಿಗಳನ್ನು ತಂದು ತೋರಿಸಿದರೆ ಅರ್ಧ ಗಂಟೆ ಸಮಯ ಕೊಡುವಿರಾ?' ಇಷ್ಟೇ ಸಾಕು. ಕನ್ನಡದಲ್ಲೇ ಬರೆಯಿರಿ. ಹತ್ತು ದಿನ ಉತ್ತರ ಬಾರದಿದ್ದರೆ ಕಾಯಿಗಳ ಚೀಲ ಹಿಡಿದು ನಿಮ್ಮ ಜೀವಶಾಸ್ತ್ರ ಉಪನ್ಯಾಸಕರ ಜೊತೆ ನೇರವಾಗಿ ಹೋಗಿ. ಇಮೇಲ್ ನೋಡದ ಅಧ್ಯಾಪಕರೂ ಮೇಜಿನ ಮೇಲಿಟ್ಟ ಕೊಳೆತ ಕಾಯಿಯನ್ನು ನೋಡದೆ ಇರಲಾರರು.

ಬೇಸಿಗೆಯಲ್ಲಿ ಬೆಟ್ಟಕ್ಕೆ, ಕಾಡಿಗೆ ಹೋಗುವುದಿದ್ದರೆ ಮಂಗನ ಕಾಯಿಲೆಯ ಎಚ್ಚರವಿರಲಿ. ಅದನ್ನು ಹರಡುವ ಉಣುಗು ಹೆಚ್ಚಾಗಿರುವ ಕಾಲ ಅದೇ. ಮೈತುಂಬ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಿ, ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ನಾವು ಕಾರವಾರದ 10ನೇ ತರಗತಿಯ ನಾಲ್ವರು ಗೆಳತಿಯರು. ಪರೀಕ್ಷೆ ಮುಗಿದ ಮೇಲೆ ಕಡಲಾಮೆಗಳ ರಕ್ಷಣೆಗೆ ಸ್ವಯಂಸೇವೆ ಮಾಡಬೇಕೆಂದಿದ್ದೇವೆ. ಯಾರನ್ನು ಕೇಳಬೇಕು?

ಉತ್ತರ: ಆಸೆ ಒಳ್ಳೆಯದು, ತಿಂಗಳು ತಪ್ಪಿದೆ. ಆಲಿವ್ ರಿಡ್ಲೆ ಆಮೆಗಳು ನಮ್ಮ ಮರಳಿಗೆ ಬಂದು ಮೊಟ್ಟೆಯಿಡುವುದು ಹೆಚ್ಚಾಗಿ ಚಳಿಗಾಲದಲ್ಲಿ, ಮರಿ ಹೊರಬರುವುದು ಸುಮಾರು 45ರಿಂದ 60 ದಿನಗಳ ನಂತರ. ಏಪ್ರಿಲ್ ಕೊನೆಗೆ ನೀವು ಹೋಗುವಷ್ಟರಲ್ಲಿ ಬಹುಪಾಲು ಕೆಲಸ ಮುಗಿದಿರುತ್ತದೆ. ಬರುವ ಡಿಸೆಂಬರ್‌ಗೆ ಪಾಲಕರ ಒಪ್ಪಿಗೆ ಪತ್ರದೊಡನೆ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಹೋಗಿ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಆಮೆಗೆ ರಕ್ಷಣೆಯಿರುವುದರಿಂದ ಅವರನ್ನು ಬಿಟ್ಟು ಮೊಟ್ಟೆಯನ್ನು ಮುಟ್ಟುವುದೂ ತಪ್ಪಾಗುತ್ತದೆ.

ಈ ರಜೆಗೆ ಬೇರೊಂದು ಕೆಲಸವಿದೆ. ಟಾಗೋರ್ ಕಡಲತೀರದಲ್ಲಿ ಹಗ್ಗ ಕಟ್ಟಿ ನೂರು ಅಡಿ ಉದ್ದದ ಒಂದೇ ಜಾಗವನ್ನು ಗುರುತು ಮಾಡಿ, ಪ್ರತಿ ಭಾನುವಾರ ಅಲ್ಲಿ ಸಿಕ್ಕ ಬಲೆಯ ತುಂಡು, ಬಾಟಲಿ, ಗುಟ್ಕಾ ಪೊಟ್ಟಣಗಳನ್ನು ಬೇರೆ ಬೇರೆ ಎಣಿಸಿ ಬರೆದು, ನಂತರ ಹೆಕ್ಕಿರಿ. ಬರಿಗೈಯಲ್ಲಿ ಬೇಡ. ಎಂಟು ವಾರದ ಪಟ್ಟಿ ಕೈಯಲ್ಲಿದ್ದರೆ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದವರೊಡನೆ ಮಾತಾಡಲು ನಿಮಗೊಂದು ಕಾರಣ ಸಿಕ್ಕಂತಾಗುತ್ತದೆ, ಡಿಸೆಂಬರ್‌ನಲ್ಲಿ ಅರಣ್ಯ ಕಚೇರಿಗೂ ಆ ಪಟ್ಟಿಯನ್ನೇ ಒಯ್ಯಿರಿ.