ಪ್ರತಿಕ್ರಿಯೆ: ಸೈನಿಕ ವಾದಕರಿಗಷ್ಟೇ ಮೀಸಲಾದ ಲೇಬಲ್

ನಿವೃತ್ತ ಮಿಲಿಟರಿ ಬ್ಯಾಂಡ್ ವಾದಕರ ಸಂಗೀತವನ್ನಷ್ಟೇ ಹೊರತರೋ ಪುಟ್ಟ ಲೇಬಲ್‌ಗೆ (ರೆಕಾರ್ಡಿಂಗ್ ಪ್ರಕಟಿಸೋ ಸಂಸ್ಥೆಗೆ) ರೆಜಿಮೆಂಟಿನ ಹಳೇ ರೆಕಾರ್ಡಿಂಗ್ ಬಳಸಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ಕೈ ಹಾಕಬೇಡಿ ಸರ್. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸರ್ಕಾರಿ ಕೃತಿ ಸಾಮಾನ್ಯವಾಗಿ ಸರ್ಕಾರದ್ದೇ, ಪ್ರಕಟವಾದ ಮೇಲೆ 60 ವರ್ಷ. ನುಡಿಸಿದವರು ಸಹಿ ಹಾಕಿಕೊಟ್ಟರೂ ಸಾಲದು.

ಹೊಸದಾಗಿ ರೆಕಾರ್ಡ್ ಮಾಡಿಸಿ. ಧಾಟಿ ಹಳೆಯದಾದರೆ ನಿರಾಳ: ‘ಅಬೈಡ್ ವಿತ್ ಮಿ’ ಅನ್ನೋ ಕ್ರೈಸ್ತ ಸ್ತುತಿಗೀತೆಯ ಧಾಟಿ ಕಟ್ಟಿದ ವಿಲಿಯಂ ಮಾಂಕ್ ತೀರಿಕೊಂಡಿದ್ದೇ 1889ರಲ್ಲಿ, ಹಾಗಾಗಿ ಅದರ ಹಕ್ಕಿನ ಅವಧಿ ಎಂದೋ ಮುಗಿದಿದೆ. ಆದರೆ ಅದನ್ನು ಬ್ಯಾಂಡಿಗೆ ಅಳವಡಿಸಿದವರ ಹಕ್ಕು ಬೇರೆ. ನೋಟೇಶನ್ ಹಾಳೆ ರೆಜಿಮೆಂಟಿನದ್ದೋ ಪಚ್‌ಮಢಿಯ ಸೇನಾ ಸಂಗೀತ ಶಾಲೆಯದ್ದೋ ಆಗಿದ್ದರೆ ಪಕ್ಕಕ್ಕಿಟ್ಟು, ನಿಮ್ಮ ವಾದಕರಿಂದಲೇ ಹೊಸದು ಬರೆಸಿ.

ಬ್ಯಾಗ್‌ಪೈಪ್ ಇದ್ದರೆ ಹುಷಾರು. ಅದರ ‘ಎ’ ಸ್ವರ ಕೇಳಿಸೋದು ಬಿ ಫ್ಲ್ಯಾಟ್‌ಗಿಂತಲೂ (‘ಎ’ಗಿಂತ ಅರ್ಧ ಸ್ವರ ಮೇಲಿನದು) ತುಸು ಮೇಲೆ. ಹಾಗೇ ಕೀಬೋರ್ಡ್ ಜೊತೆ ಸೇರಿಸಿದರೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತೆ. ಕೀಬೋರ್ಡನ್ನೇ ಪೈಪಿಗೆ ಹೊಂದಿಸಿ. ಇಷ್ಟು ಜೋರು ವಾದ್ಯಕ್ಕೆ ಸಣ್ಣ ಸ್ಟುಡಿಯೋ ಬೇಡವೇ ಬೇಡ, ಖಾಲಿ ಇರೋ ಕಲ್ಯಾಣ ಮಂಟಪ ಹಿಡಿಯಿರಿ.

ದೇಶಭಕ್ತಿ ಗೀತೆಗಳ ಆಲ್ಬಮ್ ಎಲ್ಲರೂ ಮಾಡ್ತಾರೆ, ನನಗಂತೂ ಸಾಕಾಗಿದೆ. ಆಫೀಸರ್ಸ್ ಮೆಸ್‌ನಲ್ಲಿ ಊಟದ ಹೊತ್ತಿಗೆ ನುಡಿಸ್ತಿದ್ದ ವಾಲ್ಟ್ಸ್‌ಗಳನ್ನು (ಮೂರು ಎಣಿಕೆಯ ಪಾಶ್ಚಾತ್ಯ ನೃತ್ಯಸಂಗೀತ) ಕೇಳಿ ನೋಡಿ, ಲೇಬಲ್ ನಿಲ್ಲೋದು ಅಂಥದ್ದರಿಂದ. ಬಿಡುಗಡೆಗೆ ಮೊದಲು ಪ್ರತಿ ಟ್ರ್ಯಾಕಿಗೂ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗನ್ನು ಗುರುತಿಸೋ ಅಂತರರಾಷ್ಟ್ರೀಯ ಸಂಕೇತ) ಸಂಖ್ಯೆ ಹಾಕಿಸಿ.