ಅಪ್ಪ-ಅಮ್ಮನನ್ನು ಬೆಂಗಳೂರಿನಲ್ಲಿ ಎಲ್ಲಿ ಕೂರಿಸಿ ಊಟ ಮಾಡಿಸಲಿ?

ಹಾಸನದಿಂದ ಶನಿವಾರ ಹೊರಟು ಎರಡು ದಿನ ಬೆಂಗಳೂರಿನಲ್ಲಿ ಇರುತ್ತೀರಿ. ಜೊತೆಗೆ 65 ದಾಟಿದ ಅಪ್ಪ-ಅಮ್ಮ. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಶನಿವಾರ ಒಪ್ಪೊತ್ತು. ದೊಡ್ಡ ಸ್ಟಾರ್ ಹೋಟೆಲ್ ಬೇಡ, ಆರಾಮಾಗಿ ಕೂತು ತಿನ್ನುವ ಜಾಗ ಹೇಳಿ ಅಂತ ಕೇಳಿದ್ದೀರಿ. ನಾನೂ ಹಾಸನದ ಕಡೆಯವನೇ, ಶಾಂತಿಗ್ರಾಮದ ಹತ್ತಿರ ನಮ್ಮೂರು. ಅಪ್ಪನ ಕಣ್ಣು ತೋರಿಸಲು ಮೂರು ವರ್ಷ, ಎರಡು ತಿಂಗಳಿಗೊಮ್ಮೆ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೇನೆ. ಎಷ್ಟೋ ಸಲ ಅಮ್ಮನೂ ಬಂದಿದ್ದಾರೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯಬೇಕು ಅನಿಸಿತು.

ಮೊದಲು ಹೊತ್ತಿನ ವಿಷಯ ಹೇಳುತ್ತೇನೆ. ವಯಸ್ಸಾದವರ ಜೊತೆ ಹೋಗುವಾಗ ಯಾವ ಹೋಟೆಲ್ ಅನ್ನೋದು ಆಮೇಲೆ, ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನೋದು ಮೊದಲು. ಬುಧವಾರ ಬೆಳಿಗ್ಗೆ ಏಳೂವರೆಗೆ ಹೋದರೆ ಅಪ್ಪ ನೆಮ್ಮದಿಯಾಗಿ ಎರಡನೇ ಕಾಫಿ ಕೇಳುವ ಹೋಟೆಲಿನಲ್ಲೇ ಭಾನುವಾರ ಒಂಬತ್ತೂವರೆಗೆ ಹೋದರೆ ಮುಕ್ಕಾಲು ಗಂಟೆ ಫುಟ್‌ಪಾತಿನಲ್ಲಿ ನಿಲ್ಲಬೇಕು. ಮಂಡಿ ನೋವಿರುವವರಿಗೆ ಅಷ್ಟು ಹೊತ್ತು ನಿಂತ ಮೇಲೆ ಯಾವ ದೋಸೆಯೂ ರುಚಿಸುವುದಿಲ್ಲ. ಸಾಧ್ಯವಾದರೆ ವಾರದ ಮಧ್ಯೆ ಹೋಗಿ. ಶನಿವಾರ, ಭಾನುವಾರವೇ ಆಗಬೇಕು ಅಂದರೆ ಬೆಳಿಗ್ಗೆ ಎಂಟರೊಳಗೆ ತಿಂಡಿ, ಹನ್ನೆರಡೂವರೆಯೊಳಗೆ ಊಟ. ಮನೆಯಲ್ಲಿ ಅವರು ತಿನ್ನುವ ಹೊತ್ತೂ ಅದೇ ಅಲ್ವಾ? ಬೆಂಗಳೂರು ತಡವಾಗಿ ಏಳುವ ಊರು. ನಮ್ಮ ಹಿರಿಯರು ಬೇಗ ಏಳುತ್ತಾರೆ. ಇದನ್ನೇ ಅನುಕೂಲ ಮಾಡಿಕೊಳ್ಳಿ.

ಇನ್ನೊಂದು, ಕುರ್ಚಿ. ಬೆಂಗಳೂರಿನ ಎಷ್ಟೋ ಒಳ್ಳೆಯ ತಿಂಡಿ ಹೋಟೆಲುಗಳಲ್ಲಿ ಕೂರುವ ವ್ಯವಸ್ಥೆಯೇ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ, ಟೋಕನ್ ತಗೊಂಡು ಎತ್ತರದ ಟೇಬಲ್ ಹತ್ತಿರ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕಡಿಮೆ ದುಡ್ಡಿಗೆ, ಬಿಸಿಬಿಸಿಯಾಗಿ, ಕಣ್ಣೆದುರೇ ಮಾಡಿ ಕೊಡುತ್ತಾರೆ. ಕೆಲಸಕ್ಕೆ ಓಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ-ವಡೆಗೆ ಹಾಕುವ ಚಟ್ನಿಯ ರುಚಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ. ಅಲ್ಲಿ ಸಾಂಬಾರ್ ಕೊಡುವುದೇ ಇಲ್ಲ, ಬೇಕು ಅಂತ ಅನಿಸುವುದೂ ಇಲ್ಲ. ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್ ಇಡ್ಲಿಯೂ ಹಾಗೇ, ಹತ್ತಿಯಷ್ಟು ಮೃದು. ಆದರೆ ಎರಡೂ ಕಡೆ ತಟ್ಟೆ ಕೈಯಲ್ಲಿ ಹಿಡಿದು ನಿಲ್ಲಬೇಕು. ಅಲ್ಲಿಂದ ನೀವು ಪಾರ್ಸೆಲ್ ತಂದುಕೊಡಿ, ಅಪ್ಪನನ್ನು ಕರೆದುಕೊಂಡು ಹೋಗಬೇಡಿ.

ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಒಂದು ಸಲ ರೈಲನ್ನೂ ನೋಡಿ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ದಾರಿ 2017ರಲ್ಲಿ ಪೂರ್ತಿಯಾದ ಮೇಲೆ ನಮಗೆ ಬೆಂಗಳೂರು ತುಂಬಾ ಹತ್ತಿರವಾಗಿದೆ. ಯಶವಂತಪುರದಲ್ಲಿ ಇಳಿದರೆ ಮಲ್ಲೇಶ್ವರಕ್ಕೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಯಶವಂತಪುರದಿಂದಲೇ ಮೆಟ್ರೋ ಹಸಿರು ಮಾರ್ಗವೂ ಇದೆ. ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಸ್ಟೇಷನ್‌ಗಳು ಅದೇ ಮಾರ್ಗದಲ್ಲಿ ಸಿಗುತ್ತವೆ. ನಾನು ಮುಂದೆ ಹೇಳುವ ಜಾಗಗಳು ಹೆಚ್ಚುಕಡಿಮೆ ಈ ಒಂದೇ ಗೆರೆಯ ಆಚೀಚೆ ಇವೆ. ಪಾರ್ಕಿಂಗ್ ಹುಡುಕುತ್ತಾ ಅಪ್ಪ-ಅಮ್ಮನನ್ನು ರಸ್ತೆ ಬದಿ ಇಳಿಸಿ ಸುತ್ತು ಹೊಡೆಯುವ ಕಷ್ಟ ತಪ್ಪುತ್ತದೆ.

ಮಲ್ಲೇಶ್ವರದಲ್ಲಿ ನನ್ನ ಆಯ್ಕೆ ಸಿ.ಟಿ.ಆರ್. ಏಳನೇ ಕ್ರಾಸಿನಲ್ಲಿದೆ, ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಇರುತ್ತದೆ, ಗಲಿಬಿಲಿ ಬೇಡ. ಬೆಣ್ಣೆ ಮಸಾಲೆ ದೋಸೆ ಹೇಳಿ. ಬೆಳಿಗ್ಗೆ ಬೇಗ ಹೋದರೆ ಮಾತ್ರ. ಮಧ್ಯಾಹ್ನಕ್ಕೆ ಮುದ್ದೆಯೋ ಅಕ್ಕಿ ರೊಟ್ಟಿಯೋ ಬೇಕು ಅಂದರೆ ಸಂಪಿಗೆ ರಸ್ತೆ ಕಡೆ ಹಳ್ಳಿಮನೆ ಇದೆ.

ಈಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮಪ್ಪ ಬೆಂಗಳೂರಿನಲ್ಲಿ ಮನಸಾರೆ ತಿಂದದ್ದು ನಾನು ಮೊದಲು ನೋಡಿದ್ದು ಅಲ್ಲೇ.

ಸುತ್ತಲಿನ ವಿದ್ಯಾರ್ಥಿಗಳಿಗಾಗಿ 1943ರಲ್ಲಿ ಶುರುವಾದ ಹೋಟೆಲ್ ಅದು. ಬಾಗಿಲಲ್ಲಿ ಹೆಸರು ಬರೆಸಿದರೆ ಜಾಗ ಖಾಲಿಯಾದ ಕೂಡಲೇ ಕೂಗುತ್ತಾರೆ. ಒಂದೇ ಟೇಬಲಿಗೆ ಗುರುತಿಲ್ಲದವರ ಜೊತೆ ಕೂರಬೇಕಾಗಬಹುದು, ಅದನ್ನು ಅಪ್ಪ-ಅಮ್ಮನಿಗೆ ಮೊದಲೇ ಹೇಳಿಟ್ಟಿರಿ. ನಾವು ಹೋದದ್ದು ಮಂಗಳವಾರ, ಏಳು ಗಂಟೆ ಆಗಿ ಸ್ವಲ್ಪ ಹೊತ್ತಾಗಿತ್ತು. ಐದು ನಿಮಿಷದಲ್ಲಿ ಜಾಗ ಸಿಕ್ಕಿತು. ಪಂಚೆ ಉಟ್ಟ ಸಪ್ಲೈಯರ್ ಒಬ್ಬರು ಅಂಗೈಯಿಂದ ಭುಜದ ತನಕ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬಂದರು. ಅಪ್ಪ ಕಣ್ಣು ಕಿರಿದು ಮಾಡಿ ತಟ್ಟೆ ಎಣಿಸತೊಡಗಿದರು. ಎಣಿಸಿ ಮುಗಿಯುವುದರೊಳಗೆ ಒಂದು ತಟ್ಟೆ ಅವರ ಮುಂದೆ ಇತ್ತು.

ಅಲ್ಲಿನ ದೋಸೆ ತೆಳ್ಳಗಿನ ಪೇಪರ್ ದೋಸೆ ಅಲ್ಲ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ಚಟ್ನಿ ನೀರಾಗಿರುತ್ತದೆ, ದೋಸೆಯ ಮೇಲೇ ಸುರಿಸಿಕೊಳ್ಳುವವರೂ ಇದ್ದಾರೆ. ಅಪ್ಪ ಚಟ್ನಿ ಮುಟ್ಟಲೇ ಇಲ್ಲ. ಮೊದಲು ದೋಸೆ ಬಿಡಿಸಿದರು, ಪಲ್ಯ ನೋಡಿದರು, ಒಂದು ತುಂಡು ಆಲೂಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಹಾಸನದವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಪಂಜಾಬಿನ ಬಿತ್ತನೆ ಗೆಡ್ಡೆಗೆ ಸಾಲು ನಿಂತು, ಮಳೆ ನೋಡಿ ಹಾಕಿ, ಆಮೇಲೆ ಅಂಗಮಾರಿ ರೋಗ ಬರದಿರಲಿ ಅಂತ ದಿನಾ ಎಲೆ ತಿರುವಿ ನೋಡಿದ ಕೈ ಅದು. ಒತ್ತಿ ನೋಡಿ, "ಗೆಡ್ಡೆ ಚೆನ್ನಾಗಿ ಬೆಂದೈತೆ, ನೀರು ಬಿಟ್ಟಿಲ್ಲ" ಅಂದರು. ಆಮೇಲೆ ತಲೆ ಎತ್ತದೆ ಪೂರ್ತಿ ತಿಂದರು.

ಎದುರಿಗೆ ಕೂತಿದ್ದ ಹಿರಿಯರೊಬ್ಬರು ಇದನ್ನು ಕೇಳಿಸಿಕೊಂಡು ಯಾವೂರು ಅಂದರು. ಹಾಸನ ಅಂದ ಕೂಡಲೇ, "ಮಳೆಗಾಲದಲ್ಲಿ ಹೊಸ ಗೆಡ್ಡೆ ಬರೋದು ನಿಮ್ಮ ಕಡೆಯಿಂದಲೇ ಅಲ್ವಾ ಸ್ವಾಮಿ?" ಅಂತ ಕೇಳಿದರು. ಕಾಫಿ ಬಂದು ಮುಗಿಯುವ ತನಕ ಇಬ್ಬರೂ ಬೆಳೆ, ಬೆಲೆ ಅಂತ ಮಾತಾಡಿದರು. ಗುರುತಿಲ್ಲದವರ ಜೊತೆ ಕೂರಿಸುವುದು ನನಗೆ ಮೊದಲು ಸರಿ ಕಂಡಿರಲಿಲ್ಲ. ಆವತ್ತಿನಿಂದ ಅದೇ ಇಷ್ಟ. ಊರಿನಲ್ಲಿ ಹತ್ತು ಜನರ ನಡುವೆ ಇರುವವರು ಬೆಂಗಳೂರಿಗೆ ಬಂದರೆ ಮಕ್ಕಳ ಮುಖ ಬಿಟ್ಟು ಬೇರೆ ಯಾರನ್ನೂ ಮಾತಾಡಿಸದೆ ವಾಪಸ್ ಹೋಗುತ್ತಾರೆ. ಆ ಹತ್ತು ನಿಮಿಷದ ಮಾತನ್ನು ಅಪ್ಪ ಊರಿಗೆ ಬಂದು ನಾಲ್ಕು ದಿನ ಹೇಳಿದರು. ಅಂದಹಾಗೆ ಶುಕ್ರವಾರ ಅಲ್ಲಿ ರಜೆ.

ಒಂದು ಕೆಟ್ಟ ಅನುಭವವನ್ನೂ ಹೇಳುತ್ತೇನೆ, ನಿಮಗೆ ಆಗಬಾರದು ಅಂತ. ಹೋಟೆಲಿನ ಹೆಸರು ಬೇಡ. ಅಮ್ಮ ಒಂದು ಸಲ ದೊಡ್ಡ ಮಾಲ್ ನೋಡಬೇಕು ಅಂದರು. ನೋಡಿ ಸುಸ್ತಾಗಿ ಅಲ್ಲೇ ಒಂದು ಹೋಟೆಲಿಗೆ ಹೋದೆವು. ಮೆನು ಕಾರ್ಡ್ ಇಲ್ಲ, ಟೇಬಲ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಕಣ್ಣಿಗೆ ಔಷಧಿ ಹಾಕಿದ ಅಪ್ಪನಿಗೆ ಮೊಬೈಲ್ ಓದಲು ಆಗಲ್ಲ. ಎ.ಸಿ. ಚಳಿಗೆ ಅಮ್ಮ ಸೆರಗು ಹೊದ್ದು ಕೂತರು. ಊಟ ಬರಲು ಮುಕ್ಕಾಲು ಗಂಟೆ. ಅಪ್ಪ ಪಲ್ಯದ ಒಂದು ತುತ್ತು ತಿಂದು, "ಸಿಹಿ ಹೊಡೀತದೆ ಕಣಪ್ಪ, ಕೋಲ್ಡ್ ಸ್ಟೋರೇಜ್ ಗೆಡ್ಡೆ" ಅಂತ ತಟ್ಟೆ ಸರಿಸಿದರು. ಅದು ನಿಜ. ಆಲೂಗಡ್ಡೆಯನ್ನು ತುಂಬಾ ತಣ್ಣಗೆ ಇಟ್ಟರೆ ಅದರ ಹಿಟ್ಟಿನಂಶ ಸಕ್ಕರೆಯಾಗುತ್ತದೆ, ಬೆಳೆದವರ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಅಮ್ಮ ಇನ್ನೂ ಮಜ್ಜಿಗೆ ಕುಡಿಯುತ್ತಿದ್ದರು, ಅಷ್ಟರಲ್ಲಿ ಬಿಲ್ ತಂದಿಟ್ಟರು. ಅದರಲ್ಲಿ ಶೇಕಡಾ 10 ಸರ್ವೀಸ್ ಚಾರ್ಜ್ ಸೇರಿತ್ತು. ಅಪ್ಪ ಮೊತ್ತ ಕೇಳಿ, "ಈ ದುಡ್ಡಿಗೆ ಒಂದು ಮೂಟೆ ಗೆಡ್ಡೆ ಮಾರಿದ ವರ್ಷ ಐತೆ" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಸುಮ್ನೆ ದುಡ್ಡು ಕೊಟ್ಟು ಬಂದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ. ಸಾಮಾನ್ಯ ಹೋಟೆಲಿನ ಬಿಲ್ಲಿನಲ್ಲಿ ಶೇಕಡಾ 5 ಜಿ.ಎಸ್.ಟಿ. ಇರುತ್ತದೆ, ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಅದನ್ನು ಕೊಡಲೇಬೇಕು. ಸರ್ವೀಸ್ ಚಾರ್ಜ್ ಹಾಗಲ್ಲ. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಅಂತ ಮೆಲ್ಲಗೆ ಹೇಳಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಸಪ್ಲೈಯರ್ ಚೆನ್ನಾಗಿ ನೋಡಿಕೊಂಡರೆ ಅವರ ಕೈಗೇ ಇಪ್ಪತ್ತೋ ಐವತ್ತೋ ಕೊಡಿ.

ಅಪ್ಪನಿಗೆ ಮಾಂಸದೂಟ ಆಗುತ್ತೆ ಅಂದರೆ ಭಾನುವಾರ ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ತಿನ್ನಿಸಿ. ಭಾನುವಾರ ಅಲ್ಲಿ ಜನ ಜಾಸ್ತಿ, ಅದಕ್ಕೇ ಮಧ್ಯಾಹ್ನಕ್ಕೆ ಕಾಯದೆ ಬೇಗ ಹೋಗಿ. ವಿ.ವಿ. ಪುರದ ತಿಂಡಿ ಬೀದಿ ಸಂಜೆ ಚೆನ್ನಾಗಿರುತ್ತದೆ, ಆದರೆ ಅದೂ ನಿಂತು, ನಡೆದು ತಿನ್ನುವ ಜಾಗವೇ. ಮಂಡಿ ನೋವಿಗೆ ಆಗಿಬರಲ್ಲ.

ಮಧ್ಯೆ ಸುಸ್ತಾದಾಗ ಸುಮ್ಮನೆ ಕೂರಲು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ಒಳ್ಳೆಯದು. ಬಹಳ ವರ್ಷ ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಇಲ್ಲಿಗೆ ಬಂತು. ಕಾಫಿ ಬೋರ್ಡ್ ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು ಉಳಿಸಿಕೊಂಡರು, ಅದೇ ಸಾಲಿನ ಹೋಟೆಲ್ ಇದು. ಬಿಳಿ ಸಮವಸ್ತ್ರ, ತಲೆಗೆ ಪೇಟ ಕಟ್ಟಿದವರು ಕಾಫಿ ತಂದುಕೊಡುತ್ತಾರೆ. ಅಮ್ಮನ ತವರು ಸಕಲೇಶಪುರದ ಕಡೆ, ಚಿಕ್ಕವರಿದ್ದಾಗ ತೋಟದಲ್ಲಿ ಹಣ್ಣು ಬಿಡಿಸಿದ್ದಾರೆ. ಅಲ್ಲಿ ಒಂದು ಕಾಫಿಗೆ ಅರ್ಧ ಗಂಟೆ ಕೂತರು, ಯಾರೂ ಏಳಿ ಅನ್ನಲಿಲ್ಲ.

ಕೊನೆಗೆ ನೀವು ವಿಶೇಷವಾಗಿ ಕೇಳಿದ್ದು, ಅಮ್ಮನ ಶನಿವಾರದ ಒಪ್ಪೊತ್ತು. ಮಧ್ಯಾಹ್ನ ಒಂದು ಹೊತ್ತು ಅನ್ನದೂಟ ಮಾಡುತ್ತಾರೆ, ರಾತ್ರಿಗೆ ಅಕ್ಕಿಯದು ಮುಟ್ಟಲ್ಲ ಅಂದಿದ್ದೀರಿ. ನಮ್ಮಮ್ಮನೂ ಅದೇ. ಹೋಟೆಲಿಗೆ ಹೋದರೆ ಇಡ್ಲಿ ಬೇಡ, ದೋಸೆ ಬೇಡ, ಬರೀ ಹಾಲು ಸಾಕು ಅನ್ನುತ್ತಿದ್ದರು. ಅವರನ್ನು ಸಂಜೆ ತಿಂಡಿ ಹೊತ್ತಿಗೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಕರೆದುಕೊಂಡು ಹೋಗಿ ರವೆ ಇಡ್ಲಿ ಹೇಳಿದೆ. ಇಡ್ಲಿ ಅಂದ ಕೂಡಲೇ ಅಮ್ಮ ಬೇಡ ಅಂದರು. ಆಗ ನಾನು ಅದರ ಕಥೆ ಹೇಳಿದೆ. ಎಂ.ಟಿ.ಆರ್. 1924ರಿಂದ ಇರುವ ಹೋಟೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಂತಾದಾಗ ಇವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಅದೇ ನಿಂತುಬಿಟ್ಟಿತು. ರವೆ, ಮೊಸರು, ಒಗ್ಗರಣೆ. ಒಂದು ಕಾಳು ಅಕ್ಕಿ ಇಲ್ಲ. ಅಮ್ಮ ನಂಬದೆ ಸಪ್ಲೈಯರನ್ನೇ ಕೇಳಿದರು, ಅವರೂ ಇಲ್ಲಮ್ಮ ಅಂದರು. ಪಕ್ಕದಲ್ಲಿ ಸಾಗು, ಚಿಕ್ಕ ಬಟ್ಟಲಲ್ಲಿ ತುಪ್ಪ. ಅಮ್ಮ ತುಪ್ಪ ಸುರಿದುಕೊಂಡು ಎರಡು ತಿಂದರು. ಈರುಳ್ಳಿಯೂ ಆಗಲ್ಲ ಅಂದರೆ ಆರ್ಡರ್ ಕೊಡುವ ಮೊದಲೇ ಕೇಳಿಬಿಡಿ. ಸೋಮವಾರ ಅಲ್ಲಿ ರಜೆ, ನಿಮ್ಮದು ಶನಿವಾರ, ತೊಂದರೆ ಇಲ್ಲ. ಜನ ತುಂಬುವ ಮೊದಲು, ನಾಲ್ಕೂವರೆ ಹೊತ್ತಿಗೆ ಹೋಗಿ.